ಫೆಲ್ಟ್ ಮೇಲೆ ಉಬ್ಬು ಚಿತ್ತಾರ: ಯಾವ ಫೆಲ್ಟಿಗೆ ಯಾವ ದಾರಿ?

ಫೆಲ್ಟ್, ಅಂದರೆ ನೇಯದೆ ಎಳೆಗಳನ್ನು ಒತ್ತಿ ಕೂಡಿಸಿ ಮಾಡಿದ ಬಟ್ಟೆ, ಅದರ ಮೇಲೆ ಅಚ್ಚೊತ್ತಲು ಯಾವ ಮಷೀನ್ ತೆಗೆದುಕೊಳ್ಳಲಿ ಎಂದು ಕೇಳುವವರೇ ಜಾಸ್ತಿ. ಮಷೀನ್ ಆಮೇಲಿನ ಮಾತು. ಮೊದಲು ನಿಮ್ಮ ಕೈಯಲ್ಲಿರುವ ಫೆಲ್ಟ್ ಯಾವ ಎಳೆಯದು ಎಂದು ಗೊತ್ತಾಗಬೇಕು. ಒತ್ತಿದ ಗುರುತು ಉಳಿಯುವುದೂ ಅಳಿಯುವುದೂ ನೀವು ಎಷ್ಟು ಜೋರಾಗಿ ಒತ್ತಿದಿರಿ ಎನ್ನುವುದಕ್ಕಿಂತ ಆ ಎಳೆಯ ಗುಣದ ಮೇಲೆಯೇ ನಿಂತಿದೆ. ಅದರಲ್ಲೂ ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದ ತಲೆನೋವು ಬೇರೆ ಇದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಊರು ನಮ್ಮದು. ಒಣ ಹವೆಯ ಊರಿನವರ ವಿಡಿಯೋ ನೋಡಿ ಹಾಗೇ ಮಾಡಿದರೆ, ಏಪ್ರಿಲ್‌ನಲ್ಲಿ ಚಂದ ಕಂಡ ಚಿತ್ತಾರ ಜುಲೈ–ಆಗಸ್ಟ್‌ನ ಆಟಿ ತಿಂಗಳು ಮುಗಿಯುವ ಹೊತ್ತಿಗೆ ಅರ್ಧ ಮಾಯವಾಗಿರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ, ಬಾಗಿಲಿಗೆ, ಮಕ್ಕಳ ವೇಷಕ್ಕೆ ಅಂತಾದರೆ ಪಾಲಿಯೆಸ್ಟರ್ ಫೆಲ್ಟ್ ಮತ್ತು ಒಣ ಶಾಖ. ಕೈಯಲ್ಲಿ ಹಿಡಿಯುವ, ಮುಟ್ಟಿದರೆ ಹಿತವೆನಿಸಬೇಕಾದ ಸಣ್ಣ ವಸ್ತುಗಳಿಗೆ ಉಣ್ಣೆ ಫೆಲ್ಟ್ ಮತ್ತು ಒದ್ದೆ ಶಾಖ. ತೊಳೆಯಲೇಬೇಕಾದ ವಸ್ತುವಿಗೆ ಅಚ್ಚು ಬೇಡ, ಹೊಲಿಗೆ ಹಾಕಿ.

ಅಂಗಡಿಯಲ್ಲಿ ಕೊಡುವುದು ಏನು

ಮಂಗಳೂರಿನ ಹಂಪನಕಟ್ಟೆ, ರಥಬೀದಿ ಕಡೆಯ ಫ್ಯಾನ್ಸಿ ಅಂಗಡಿಯಲ್ಲೋ ಉಡುಪಿಯ ಸ್ಟೇಷನರಿ ಅಂಗಡಿಯಲ್ಲೋ ಫೆಲ್ಟ್ ಶೀಟ್ ಕೇಳಿದರೆ ಎ4 ಅಳತೆಯ ಬಣ್ಣದ ಹಾಳೆ ಕೈಗಿಡುತ್ತಾರೆ. ಅದು ಬಹುಪಾಲು ಪಾಲಿಯೆಸ್ಟರ್, ದಪ್ಪ 1 ಮಿಲಿಮೀಟರ್ ಆಸುಪಾಸು. ಕೆಲವು ಮೆದು, ಕೆಲವು ಗಡಸು. ಗಡಸಾದ ಹಾಳೆಗೆ ರೆಸಿನ್ ಎಂಬ ಒಣಗಿ ಗಟ್ಟಿಯಾಗುವ ಅಂಟು ಹಾಕಿರುತ್ತಾರೆ. ಉಣ್ಣೆ ಫೆಲ್ಟ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು, ಬೆಲೆಯೂ ಹಲವು ಪಟ್ಟು. ಇವೆರಡರ ನಡುವೆ ಅಕ್ರಿಲಿಕ್ ಇದೆ, ಉಣ್ಣೆಗೆ ರೇಯಾನ್ ಬೆರೆಸಿದ್ದೂ ಇದೆ.

ಯಾವುದು ಎಂದು ಲೇಬಲ್ ಹೇಳದಿದ್ದರೆ ಒಂದು ಚೂರು ಕತ್ತರಿಸಿ ಸುಟ್ಟು ನೋಡಿ. ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು, ಫ್ಯಾನ್ ಆಫ್ ಮಾಡಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿಯೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಅಕ್ರಿಲಿಕ್ ಬೇಗ ಹತ್ತಿಕೊಂಡು ಕಪ್ಪು ಹೊಗೆ ಬಿಡುತ್ತದೆ. ರೇಯಾನ್ ಕಾಗದ ಸುಟ್ಟ ಹಾಗೆ. ತಣ್ಣಗಾಗುವ ಮೊದಲು ಆ ಮಣಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಗುರುತು ನಿಲ್ಲುವುದು ಹೇಗೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಉಳಿದ ಆಯ್ಕೆಗಳೆಲ್ಲ ಇದರಿಂದಲೇ ಬರುವುದು.

ಉಣ್ಣೆ ಅಂದರೆ ಕೂದಲು. ಒದ್ದೆ ಮಾಡಿ, ಬಿಸಿ ಕೊಟ್ಟು, ಒತ್ತಿ ಒಣಗಿಸಿದರೆ ಒತ್ತಿದ ಆಕಾರದಲ್ಲೇ ನಿಲ್ಲುತ್ತದೆ. ಒಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಹೈಡ್ರೋಜನ್ ಕೊಂಡಿಗಳು ನೀರು ಮತ್ತು ಬಿಸಿಗೆ ಬಿಚ್ಚಿಕೊಂಡು, ಒಣಗುವಾಗ ಹೊಸ ಜಾಗದಲ್ಲಿ ಕಟ್ಟಿಕೊಳ್ಳುತ್ತವೆ. ತೊಂದರೆ ಏನೆಂದರೆ ಮತ್ತೆ ನೀರು ಬಂದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಪಾರ್ಲರಿನಲ್ಲಿ ಇಸ್ತ್ರಿ ಹಾಕಿದ ಹಾಗೆ ನೆಟ್ಟಗೆ ಮಾಡಿಸಿಕೊಂಡ ಕೂದಲು ಮಳೆ ಹನಿ ಬಿದ್ದ ಕೂಡಲೇ ಸುರುಳಿಯಾಗುವುದನ್ನು ನೋಡಿದ್ದೀರಿ ಅಲ್ವಾ, ಇಲ್ಲೂ ಅದೇ ಕಥೆ. ಮಳೆಯೇ ಬೀಳಬೇಕೆಂದೂ ಇಲ್ಲ. ಗಾಳಿಯ ತೇವಾಂಶ ಶೇಕಡಾ 65 ಇದ್ದಾಗಲೇ ಉಣ್ಣೆ ತನ್ನ ತೂಕದ ಶೇಕಡಾ 14ರಿಂದ 16ರಷ್ಟು ನೀರನ್ನು ಹೀರಿಕೊಂಡಿರುತ್ತದೆ, ನಮ್ಮ ಕರಾವಳಿಯ ಜುಲೈ ಗಾಳಿ ಅದಕ್ಕಿಂತ ಎಷ್ಟೋ ಒದ್ದೆ. ಹಬೆಯನ್ನು ತುಂಬ ಹೊತ್ತು ಕೊಟ್ಟರೆ ಗಂಧಕದ ಕೊಂಡಿಗಳೂ ಕದಲಿ ಗುರುತು ಗಟ್ಟಿಯಾಗುತ್ತದೆ ನಿಜ, ಆದರೆ ಮನೆಯ ಇಸ್ತ್ರಿ ಪೆಟ್ಟಿಗೆಯ ಅರ್ಧ ನಿಮಿಷಕ್ಕೆ ಅದು ಆಗುವ ಕೆಲಸ ಅಲ್ಲ.

ಪಾಲಿಯೆಸ್ಟರ್ ಪ್ಲಾಸ್ಟಿಕ್. 70–80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎಳೆ ಮಣಿಯಲು ಶುರುಮಾಡುತ್ತದೆ, 250–260ರ ಸುಮಾರಿಗೆ ಕರಗುತ್ತದೆ. ಈ ಎರಡರ ನಡುವೆ, 150ರ ಹತ್ತಿರ, ಒತ್ತಿ ಹಿಡಿದು, ಒತ್ತಿದ ಹಾಗೆಯೇ ತಣಿಸಿದರೆ ಆಕಾರ ಕೂತುಬಿಡುತ್ತದೆ. ನೀರನ್ನು ಇದು ಹೀರುವುದೇ ಇಲ್ಲ ಎನ್ನಬಹುದು, ಅದೇ 65ರ ತೇವಾಂಶದಲ್ಲಿ ಅರ್ಧ ಶೇಕಡಾ ಕೂಡ ಇಲ್ಲ. ಮತ್ತೆ ಅಷ್ಟು ಬಿಸಿ ತಾಗುವವರೆಗೆ ಗುರುತು ಅಲ್ಲೇ ಇರುತ್ತದೆ. ಕಾರ್ಖಾನೆಗಳಲ್ಲೂ ಚಿತ್ತಾರ ಕೆತ್ತಿದ ಬಿಸಿ ಉಕ್ಕಿನ ರೋಲರ್ ನಡುವೆ ಬಟ್ಟೆ ಹಾಯಿಸಿ ಈ ಗುಣವನ್ನೇ ಬಳಸಿಕೊಳ್ಳುತ್ತಾರೆ.

ಅಕ್ರಿಲಿಕ್ ಬಗ್ಗೆ ಒಂದೇ ಮಾತು: ಬೇಡ. ಇಸ್ತ್ರಿಯ ಒಂದು ಚುಕ್ಕೆ ಗುರುತು, ಅಂದರೆ 110 ಡಿಗ್ರಿ, ಅದಕ್ಕೆ ಸಾಕು. ಅದಕ್ಕಿಂತ ಬಿಸಿಯಾದರೆ ಹಳದಿ ತಿರುಗುತ್ತದೆ, ಹಬೆ ತಾಗಿದರೆ ಜೋಲು ಬಿದ್ದು ಎಳೆದುಕೊಳ್ಳುತ್ತದೆ. ಉಣ್ಣೆ-ರೇಯಾನ್ ಬೆರಕೆ ಒತ್ತಿದಾಗ ಚೆನ್ನಾಗಿಯೇ ಕೂರುತ್ತದೆ, ಒದ್ದೆಯಾದರೆ ಉಣ್ಣೆಯ ಹಾಗೆಯೇ ಕೈಕೊಡುತ್ತದೆ.

ದಪ್ಪವನ್ನೂ ನೋಡಬೇಕು. 1 ಮಿಲಿಮೀಟರ್ ಹಾಳೆಯಲ್ಲಿ ಆಳ ಅಂತ ಏನೂ ಸಿಗುವುದಿಲ್ಲ, ಒತ್ತಿದ ಜಾಗ ಸ್ವಲ್ಪ ಹೊಳೆಯುತ್ತದೆ ಅಷ್ಟೇ. 2–3 ಮಿಲಿಮೀಟರ್ ಬೇಕು. ದಪ್ಪದ್ದು ಸಿಗದಿದ್ದರೆ ಎರಡು ಹಾಳೆ ಅಂಟಿಸಿ ಮಾಡುತ್ತೇನೆ ಅನ್ನುವವರಿದ್ದಾರೆ, ಆದರೆ ನಡುವಿನ ಅಂಟು ಬಿಸಿಗೆ ಮೆತ್ತಗಾಗಿ ಪದರಗಳು ಜಾರುತ್ತವೆ. ಅದರ ಬದಲು ಗಡಸು ಫೆಲ್ಟ್ ತೆಗೆದುಕೊಳ್ಳಿ, ತೆಳುವಾಗಿದ್ದರೂ ಗುರುತು ಚೆನ್ನಾಗಿ ಹಿಡಿಯುತ್ತದೆ.

ಇಸ್ತ್ರಿ ಪೆಟ್ಟಿಗೆ ಮತ್ತು ಅಚ್ಚು

ಖರ್ಚಿಲ್ಲದ ದಾರಿ ಇದು. ಒಂದೆರಡು ತುಂಡು ಮಾಡುವವರಿಗೆ ಇದಕ್ಕಿಂತ ಬೇರೆ ಬೇಕಾಗಿಯೇ ಇಲ್ಲ. ಅಚ್ಚನ್ನು ಮುಖ ಮೇಲೆ ಮಾಡಿ ಇಡಿ, ಅದರ ಮೇಲೆ ಫೆಲ್ಟನ್ನು ಬೋರಲಾಗಿ ಹಾಕಿ, ಹಿಂಬದಿಯಿಂದ ಇಸ್ತ್ರಿ ಒತ್ತಿ. ಉಜ್ಜಬಾರದು, ಒತ್ತಬೇಕು. ಇಪ್ಪತ್ತು ಮೂವತ್ತು ಸೆಕೆಂಡು ಅಲುಗಾಡಿಸದೆ ಹಿಡಿದು, ತೆಗೆದ ಕೂಡಲೇ ಮೇಲೆ ಭಾರವಾದ ಹಲಗೆಯನ್ನೋ ಪುಸ್ತಕವನ್ನೋ ಇಟ್ಟು ಪೂರ್ತಿ ತಣ್ಣಗಾಗಲು ಬಿಡಿ. ಈ ತಣಿಯುವ ಹೊತ್ತೇ ಮುಖ್ಯ, ಅವಸರ ಮಾಡಿ ಎತ್ತಿ ನೋಡುವವರ ಚಿತ್ತಾರ ಅರ್ಧಕ್ಕರ್ಧ ಅಲ್ಲೇ ಉಬ್ಬಿ ಹೋಗುತ್ತದೆ.

ಉಣ್ಣೆ ಆದರೆ ಮೊದಲು ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ತೊಟ್ಟಿಕ್ಕುವಷ್ಟಲ್ಲ, ಒದ್ದೆ ಎನಿಸುವಷ್ಟು. ಇಸ್ತ್ರಿ ಎರಡು ಚುಕ್ಕೆಯಲ್ಲಿ, ಅಂದರೆ 150 ಡಿಗ್ರಿಯಲ್ಲಿ. ನೀರು ಆರುವವರೆಗೆ ಒತ್ತುವುದು. ಪಾಲಿಯೆಸ್ಟರಿಗೆ ನೀರು ಬೇಡ, ಅದೇ ಎರಡು ಚುಕ್ಕೆ, ಮಧ್ಯೆ ಬೇಕಿಂಗ್ ಪೇಪರ್ ಇಲ್ಲವೇ ಟೆಫ್ಲಾನ್ ಹಾಳೆ. ಮೇಣ ಸವರಿದ ಕಾಗದ ಹಾಕಬೇಡಿ, ಮೇಣ ಕರಗಿ ಫೆಲ್ಟಿಗೆ ಇಳಿಯುತ್ತದೆ. ಮೂರು ಚುಕ್ಕೆಗೆ, ಅಂದರೆ 200ಕ್ಕೆ, ಯಾವ ಫೆಲ್ಟನ್ನೂ ಒಯ್ಯಬೇಡಿ.

ಹಬೆ ಇಸ್ತ್ರಿಯ ತಳದಲ್ಲಿ ತೂತುಗಳಿರುತ್ತವಲ್ಲ, ಆ ತೂತಿನ ಜಾಗದಲ್ಲಿ ಒತ್ತಡ ಬೀಳದೆ ಚಿತ್ತಾರದ ನಡುವೆ ದುಂಡು ದುಂಡು ಕಲೆ ಉಳಿಯುತ್ತದೆ. ಹಳೆಯ ಸಪಾಟು ತಳದ, ತೂಕದ ಡ್ರೈ ಐರನ್ನೇ ವಾಸಿ. ಮನೆಯ ಅಟ್ಟದಲ್ಲಿ ಗೆರಟೆ ಇದ್ದಿಲು ಹಾಕುವ ಪೆಟ್ಟಿಗೆ ಇನ್ನೂ ಇದ್ದರೆ ಅದರ ಭಾರಕ್ಕೆ ಸಾಟಿಯಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಅದರ ಬಿಸಿಗೆ ಲೆಕ್ಕವಿಲ್ಲ, ಕಿಡಿಯೊಂದು ಹಾರಿದರೆ ಪಾಲಿಯೆಸ್ಟರಿನಲ್ಲಿ ತೂತು. ಅದನ್ನು ಉಣ್ಣೆಗೆ ಮಾತ್ರ ಇಟ್ಟುಕೊಳ್ಳಿ, ಅದೂ ಒದ್ದೆ ಬಟ್ಟೆ ಮಧ್ಯೆ ಹಾಕಿ.

ಕೆಳಗೆ ದಪ್ಪ ಬೆಡ್‌ಶೀಟ್ ಮಡಚಿ ಹಾಕಬಾರದು. ನೀವು ಹಾಕಿದ ಬಲವನ್ನೆಲ್ಲ ಅದೇ ನುಂಗುತ್ತದೆ. ನೆಲದ ಮೇಲೆ ಪ್ಲೈವುಡ್ ಹಲಗೆ ಇಟ್ಟು, ಮೊಣಕಾಲೂರಿ, ಮೈಭಾರ ಹಾಕಿ ಒತ್ತುವುದೇ ಸುಲಭ.

ಇನ್ನು ಅಚ್ಚು. ಬ್ಲಾಕ್ ಪ್ರಿಂಟಿಂಗಿಗೆ ಬಳಸುವ ಮರದ ಅಚ್ಚು ಎಲ್ಲಕ್ಕಿಂತ ಒಳ್ಳೆಯದು, ಬಿಸಿ ತಡೆಯುತ್ತದೆ, ಕೆತ್ತನೆ ಆಳವಾಗಿರುತ್ತದೆ. ಒಂದೇ ಷರತ್ತು, ಹಳೆ ಬಣ್ಣ ಪೂರ್ತಿ ಹೋಗಿರಬೇಕು. ಕೆಂಪು ರಬ್ಬರ್ ಸ್ಟಾಂಪ್ ಆಗಬಹುದು. ಪಾರದರ್ಶಕ ಸ್ಟಾಂಪ್‌ಗಳು ಬಿಸಿಗೆ ಮುದ್ದೆಯಾಗುತ್ತವೆ. 3ಡಿ ಪ್ರಿಂಟ್ ಮಾಡಿಸಿದ ಪಿಎಲ್‌ಎ ಪ್ಲಾಸ್ಟಿಕ್ಕಿನ ಅಚ್ಚು 60 ಡಿಗ್ರಿಗೇ ಬಾಗುತ್ತದೆ, ಅದನ್ನು ಇಸ್ತ್ರಿಯ ಹತ್ತಿರವೂ ತರಬೇಡಿ. ಅಡುಗೆಮನೆಯಲ್ಲೇ ಹುಡುಕಿದರೆ ಇನ್ನೂ ಖುಷಿ. ರೋಸ್ ಕುಕ್ಕೀಸ್ ಮಾಡುವ ಲೋಹದ ಅಚ್ಚಿನ ಹಿಡಿ ಬಿಚ್ಚುವಂಥದ್ದಾದರೆ ಅದು ಫೆಲ್ಟಿನಲ್ಲಿ ಹೂವಿನ ಗೆರೆಗಳನ್ನು ಚೊಕ್ಕವಾಗಿ ಮೂಡಿಸುತ್ತದೆ, ಎಣ್ಣೆ ಜಿಡ್ಡು ಹೋಗುವ ಹಾಗೆ ತೊಳೆದಿರಬೇಕು ಅಷ್ಟೇ, ಮನೆಯ ಹಿರಿಯರಿಗೆ ಹೇಳಿಯೇ ತೆಗೆದುಕೊಂಡರೆ ನೆಮ್ಮದಿ. ಚಕ್ಕುಲಿ ಒರಳಿನ ಹಿತ್ತಾಳೆ ಬಿಲ್ಲೆಯ ನಕ್ಷತ್ರದ ತೂತಿಗೆ ಫೆಲ್ಟ್ ನುಗ್ಗಿ ಉಬ್ಬು ನಕ್ಷತ್ರವಾಗುತ್ತದೆ. ಕತ್ತದ ಹಗ್ಗವನ್ನು ಹಲಗೆಯ ಮೇಲೆ ಸುರುಳಿ ಸುತ್ತಿ ಅಂಟಿಸಿದರೆ ಅದೇ ಒಂದು ಅಚ್ಚು, ಹುರಿಯ ಗೀರು ಸಮೇತ ಮೂಡುತ್ತದೆ.

ಹೀಟ್ ಪ್ರೆಸ್

ಟೀ ಶರ್ಟ್ ಮೇಲೆ ಹೆಸರು, ಫೋಟೋ ಹಾಕಿಕೊಡುವ ಅಂಗಡಿಗಳಲ್ಲಿರುವ ಯಂತ್ರ. ಹತ್ತಿಪ್ಪತ್ತಕ್ಕಿಂತ ಜಾಸ್ತಿ ತುಂಡು ಬೇಕಾದರೆ, ಎಲ್ಲವೂ ಒಂದೇ ಥರ ಇರಬೇಕಾದರೆ, ಇದೇ ಸರಿ. ಡಿಗ್ರಿಯನ್ನೂ ಸೆಕೆಂಡನ್ನೂ ಅದೇ ನೋಡಿಕೊಳ್ಳುತ್ತದೆ, ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ. 150 ಡಿಗ್ರಿ, 15 ಸೆಕೆಂಡಿನಿಂದ ಶುರುಮಾಡಿ ಚೂರಿನ ಮೇಲೆ ನೋಡುತ್ತಾ ಏರಿಸಿ. ನೀವೇ ಕೊಳ್ಳುವುದು ವ್ಯಾಪಾರ ಮಾಡುವವರಿಗೆ ಮಾತ್ರ ಸರಿ. ಉಳಿದವರು ಫೆಲ್ಟ್ ಮತ್ತು ಅಚ್ಚು ತೆಗೆದುಕೊಂಡು ಹೋಗಿ, ಅಂಗಡಿಯಲ್ಲಿ ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ ಒತ್ತಿಸಿಕೊಂಡು ಬಂದರೆ ಆಯಿತು.

ಅಚ್ಚು ಯಾವುದರದ್ದು ಎನ್ನುವುದು ಇಲ್ಲಿನ ಪ್ರಶ್ನೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯಲ್ಲಿ ಲೇಸರ್ ಕಟಿಂಗ್ ಮಾಡಿಸಿದರೆ ಅಗ್ಗ, ಸ್ವಲ್ಪ ಹೊತ್ತಿನ ಬಿಸಿಗೆ ಏನೂ ಆಗುವುದಿಲ್ಲ, ಆದರೆ ಬಹಳ ಸಲ ಒತ್ತಿದ ಮೇಲೆ ಅಂಚು ಮೊಂಡಾಗುತ್ತದೆ. ಆರ್ಕಿಟೆಕ್ಚರ್ ಕಲಿಯುವ ಮಕ್ಕಳು ಮಾಡೆಲ್ ಮಾಡಿಸುವ ಊರು ಮಣಿಪಾಲ, ಅಲ್ಲಿ ವಿಚಾರಿಸಿ. ಅಕ್ರಿಲಿಕ್ ಹಲಗೆಯ ಅಚ್ಚು ಈ ಬಿಸಿಗೆ ಮೆತ್ತಗಾಗುತ್ತದೆ, ಬೇಡ. ವರ್ಷಗಟ್ಟಲೆ ಬಳಸುವ ಲೋಗೋ ಆದರೆ ಹಿತ್ತಾಳೆ ಪ್ಲೇಟ್, ಮದುವೆ ಕಾಗದದ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತುವವರು ಬಳಸುವಂಥದ್ದು. ದುಬಾರಿ, ಆದರೆ ಸವೆಯುವುದಿಲ್ಲ.

ಉಳಿದವು

ಕಾಗದದ ಕ್ರಾಫ್ಟ್ ಮಾಡುವವರ ಹತ್ತಿರ ಕಾಗದವನ್ನು ಆಕಾರಕ್ಕೆ ಕತ್ತರಿಸುವ, ಕೈಯಲ್ಲಿ ತಿರುಗಿಸುವ ಡೈ ಕಟಿಂಗ್ ಯಂತ್ರ ಇರುತ್ತದೆ, ನಡುವೆ ಇಟ್ಟ ಹಾಳೆಗೆ ಉಬ್ಬು ಚಿತ್ತಾರ ಒತ್ತುವ ಪ್ಲಾಸ್ಟಿಕ್ ಎಂಬಾಸಿಂಗ್ ಫೋಲ್ಡರ್ ಸಮೇತ. ಅದರಲ್ಲಿ ಫೆಲ್ಟ್ ಹಾಕಬಹುದೇ? ಹಾಕಬಹುದು, ಗಡಸು ತೆಳು ಫೆಲ್ಟ್ ಆದರೆ. ಫೋಲ್ಡರಿನ ಎರಡೂ ಮುಖದಲ್ಲಿ ತಗ್ಗು ಉಬ್ಬು ಇರುವುದರಿಂದ ಚಿತ್ತಾರ ನಿಜವಾಗಿ ಮೇಲೆ ಎದ್ದು ಬರುತ್ತದೆ, ಇಸ್ತ್ರಿಯಲ್ಲಿ ಇದು ಕಷ್ಟ. ಆದರೆ ಬಿಸಿ ಇಲ್ಲವಲ್ಲ, ಮೆದು ಫೆಲ್ಟ್ ಆದರೆ ಸ್ವಲ್ಪ ಹೊತ್ತಿನಲ್ಲೇ ಮೊದಲಿನ ಹಾಗಾಗುತ್ತದೆ. ಇದಕ್ಕಾಗಿಯೇ ಯಂತ್ರ ಕೊಳ್ಳಬೇಡಿ. ಇದ್ದರೆ ಬಳಸಿ.

ಕೆಲವರು ಮೆದು ಫೆಲ್ಟಿಗೆ ಗಂಜಿ ಹಾಕಿ ಗಡಸು ಮಾಡಿಕೊಳ್ಳಲು ಹೇಳುತ್ತಾರೆ. ನಮ್ಮಲ್ಲಿ ಬೇಡ. ಕುಚ್ಚಲಕ್ಕಿ ಗಂಜಿ ಬಿಳಿ ಫೆಲ್ಟಿಗೆ ಕೆಂಪು ಛಾಯೆ ಕೊಡುತ್ತದೆ, ಅದಕ್ಕಿಂತ ಹೆಚ್ಚಾಗಿ ಮಳೆಗಾಲದಲ್ಲಿ ಬೂಸ್ಟು, ಜಿರಳೆ ಎರಡನ್ನೂ ಕರೆಯುತ್ತದೆ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಹಿಂಬದಿಗೆ ತೆಳುವಾಗಿ ಸವರಿ, ಪೂರ್ತಿ ಒಣಗಿದ ಮೇಲೆ ಒತ್ತಿ. ಆ ಬದಿಗೆ ಬೇಕಿಂಗ್ ಪೇಪರ್ ಮರೆಯಬೇಡಿ, ಇಲ್ಲದಿದ್ದರೆ ಇಸ್ತ್ರಿಗೆ ಅಂಟುತ್ತದೆ.

ಲೇಸರಿನಲ್ಲಿ ಕೆತ್ತಿಸುವುದು ಇನ್ನೊಂದು ದಾರಿ. ಇದು ಒತ್ತುವುದಲ್ಲ, ಮೇಲಿನ ಪದರವನ್ನು ಸುಟ್ಟು ತೆಗೆಯುವುದು. ಹಾಗಾಗಿ ಉಣ್ಣೆಯ ಮೇಲೂ ಗುರುತು ಶಾಶ್ವತ, ನೀರು ಬಿದ್ದರೂ ಹೋಗುವುದಿಲ್ಲ, ಸಣ್ಣ ಅಕ್ಷರ ಕೂಡ ಬರುತ್ತದೆ. ಸುಟ್ಟ ಕೂದಲಿನ ವಾಸನೆ ಕೆಲವು ದಿನ ಇರುತ್ತದೆ, ಗಾಳಿಗೆ ಹರವಿ ಇಡಬೇಕು. ಪಾಲಿಯೆಸ್ಟರ್ ಆದರೆ ಅಂಚು ಕರಗಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಚುಚ್ಚುತ್ತದೆ.

ಬಿಸಿಗೆ ಕರಗಿ ಉಬ್ಬು ಗೆರೆಯಾಗುವ ಎಂಬಾಸಿಂಗ್ ಪೌಡರ್ ಕಾಗದಕ್ಕೆ ಇರುವಂಥದ್ದು. ಫೆಲ್ಟಿನಲ್ಲಿ ಪುಡಿ ಎಳೆಗಳ ಒಳಗೆ ಇಳಿಯುತ್ತದೆ, ಕರಗಿಸಲು ಹೀಟ್ ಗನ್ ಹಿಡಿದರೆ ಪುಡಿಯ ಜೊತೆ ಪಾಲಿಯೆಸ್ಟರೂ ಸುಕ್ಕಾಗುತ್ತದೆ. ಬಿಡಿ.

ಹೊಲಿಗೆ ಮಾತ್ರ ಯಾವ ಹವೆಗೂ ಜಗ್ಗುವುದಿಲ್ಲ. ಎರಡು ಪದರ ಫೆಲ್ಟ್ ಸೇರಿಸಿ, ಚಿತ್ತಾರದ ಗೆರೆಯ ಮೇಲೆ ಮಷೀನ್ ಹೊಲಿಗೆ ಹಾಕಿದರೆ ಗೆರೆ ಒಳಗೆ ಕೂತು ನಡುವಿನ ಜಾಗ ಉಬ್ಬುತ್ತದೆ, ಬೇಕಾದರೆ ಹಿಂದಿನಿಂದ ಸ್ವಲ್ಪ ಹತ್ತಿ ತುರುಕಬಹುದು. ಕಾಶ್ಮೀರದ ನಮ್ದಾ ನೆಲಹಾಸು ಕೂಡ ಉಣ್ಣೆ ಫೆಲ್ಟೇ ತಾನೇ, ಅದರ ಅಂದ ಇರುವುದು ಕಸೂತಿಯಲ್ಲಿ.

ಯಾವುದಕ್ಕೆ ಯಾವುದು

ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಗೆ ಮಗುವಿನ ಕಿರೀಟ: ಗಡಸು ಪಾಲಿಯೆಸ್ಟರ್, ಇಸ್ತ್ರಿ ಸಾಕು. ಮಗು ಬೆವರುತ್ತದೆ, ಹೊರಗೆ ಮಳೆ ಇರುತ್ತದೆ, ಉಣ್ಣೆ ಅಲ್ಲಿ ನಿಲ್ಲುವುದಿಲ್ಲ, ಮಗುವಿಗೆ ಚುಚ್ಚುತ್ತದೆ ಕೂಡ. ಕ್ರಿಸ್ಮಸ್‌ಗೆ ನಕ್ಷತ್ರ, ಗೋದಲಿಯ ಹಿನ್ನೆಲೆ ಆದರೆ ಹವೆ ಒಣ, ಯಾವುದಾದರೂ ನಡೆಯುತ್ತದೆ. ಆದರೆ ಮುಂದಿನ ವರ್ಷಕ್ಕೆ ಎತ್ತಿಡುವುದಾದರೆ ನಡುವೆ ಒಂದು ಮಳೆಗಾಲ ಇದೆ, ಹಾಗಾಗಿ ಇಲ್ಲೂ ಪಾಲಿಯೆಸ್ಟರ್. ಉಣ್ಣೆಯದನ್ನೇ ಮಾಡಿದರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಹುಳಕ್ಕೂ ಒಂದು ಉಪಾಯ ಬೇಕು.

ಪರ್ಸ್, ಪುಸ್ತಕದ ಹೊದಿಕೆ, ಕನ್ನಡಕದ ಚೀಲಕ್ಕೆ 3 ಮಿಲಿಮೀಟರ್ ಉಣ್ಣೆ ಫೆಲ್ಟ್ ಬಹಳ ಚಂದ, ಲೇಸರ್ ಕೆತ್ತನೆ ಆದರೆ ಇನ್ನೂ ಒಳ್ಳೆಯದು. ಬಿಸಿ ಪಾತ್ರೆ ಇಡುವ ಮ್ಯಾಟಿಗೆ ಪಾಲಿಯೆಸ್ಟರ್ ಬೇಡವೇ ಬೇಡ, ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿಗೆ ಚಿತ್ತಾರವಲ್ಲ, ಮ್ಯಾಟೇ ಹೋಗುತ್ತದೆ. ಅಲ್ಲಿ ಉಣ್ಣೆ, ಮೇಲೆ ಹೊಲಿಗೆ.

ಚಿತ್ತಾರ ಆರಿಸುವಾಗ ನವಿರಾದ ಗೆರೆಯ ಆಸೆ ಬಿಡಿ. ಗೆರೆ 2–3 ಮಿಲಿಮೀಟರ್ ಅಗಲ ಇರಬೇಕು, ಎರಡು ಗೆರೆಗಳ ನಡುವಿನ ಜಾಗ ಫೆಲ್ಟಿನ ದಪ್ಪಕ್ಕಿಂತ ಕಡಿಮೆ ಇರಬಾರದು, ಇಲ್ಲದಿದ್ದರೆ ಎಲ್ಲ ಕೂಡಿಕೊಂಡು ಒಂದೇ ತಗ್ಗಾಗುತ್ತದೆ. ಹುಲಿವೇಷದ ದಪ್ಪ ಪಟ್ಟೆ, ಯಕ್ಷಗಾನದ ಕಿರೀಟದ ದುಂಡು ಬಿಲ್ಲೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಹಳೆ ದೇವಸ್ಥಾನಗಳ ಗೋಡೆಯ ಕಾವಿ ಕಲೆಯ ನಮೂನೆಗಳೂ ಆಗುತ್ತವೆ, ಆದರೆ ಸ್ವಲ್ಪ ದೊಡ್ಡದು ಮಾಡಿ ಒಳಗಿನ ಸಣ್ಣ ಗೀರು ತೆಗೆಯಬೇಕು. ಕಪ್ಪು, ಕಡು ನೀಲಿ ಫೆಲ್ಟಿನಲ್ಲಿ ನೆರಳು ಕಾಣುವುದಿಲ್ಲ, ಒತ್ತಿದ ಜಾಗದ ಹೊಳಪು ಮಾತ್ರ ಕಾಣುತ್ತದೆ. ಬೂದು, ಸಾಸಿವೆ ಹಳದಿ, ಇಟ್ಟಿಗೆ ಕೆಂಪು ಚೆನ್ನ. ತೂಗುಹಾಕುವ ಗೋಡೆಗೆ ಪಕ್ಕದ ಕಿಟಕಿಯಿಂದ ಬೆಳಕು ಬೀಳಬೇಕು, ಎದುರಿನಿಂದ ಬಿದ್ದರೆ ಎಷ್ಟು ಆಳ ಒತ್ತಿದರೂ ಸಪಾಟಾಗಿಯೇ ಕಾಣುತ್ತದೆ.

ಹೆಸರು ಬರೆಸುವುದಿದ್ದರೆ ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಇದನ್ನು ಲೇಸರ್ ಕಟಿಂಗಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ತಿರುಗಿಸಿದ ಫೈಲನ್ನೇ ಕೊಡಿ, ಒತ್ತಕ್ಷರ ಅಚ್ಚಿನಿಂದ ಬೇರೆಯಾಗಿ ಉದುರಿ ಹೋಗದ ಹಾಗೆ ಎಲ್ಲ ಅಕ್ಷರವನ್ನೂ ಕೆಳಗಿನ ಒಂದು ಹಲಗೆಗೆ ಅಂಟಿಸಿಕೊಡಲು ಹೇಳಿ.